ಮಲ್ಕಮ್ಮ ಒಯ್ದ ಮೂಸೆ

ಜೇವರ್ಗಿ
೧೬-೨-೧೯೮೬

ಪ್ರಿಯ ಶರಫು,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದರೆ ನೀನು ನಗುತ್ತೀ ಎಂದು ಗೊತ್ತು. ಆದರೆ ಪತ್ರವನ್ನು ಬೇರೆ ಹೇಗೆ ಶುರು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ನೀನು ಸಾಮಾನು ಕಟ್ಟಿಕೊಂಡು ಸರಸಂಬಾಕ್ಕೆ ಹೋಗಿ ಎರಡು ತಿಂಗಳಾಯಿತು. ಒಂದು ಕಾರ್ಡು ಸಹ ಹಾಕಲಿಲ್ಲವಲ್ಲ, ಇವನೆಂಥ ಗೆಳೆಯ ಎಂದು ಬೈದುಕೊಂಡಿರುತ್ತೀ. ಬೈಯಿ, ತಪ್ಪು ನನ್ನದೇ. ಒಳ್ಳೆಯ ಸುದ್ದಿ ಕೈಗೆ ಬಂದ ಮೇಲೆ ಬರೆಯೋಣ ಎಂದು ಕಾಯುತ್ತ ಕೂತೆ. ಅದು ಬರಲಿಲ್ಲ, ಅದಕ್ಕೆ ಬರಿಗೈಯಲ್ಲೇ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದ ಮಾತು. ಹಣಮಂತ್ರಾಯ ಸರ್ ನಿನ್ನ ಪಿಎಚ್.ಡಿ. ನೋಂದಣಿ ರದ್ದು ಮಾಡಬೇಕೆಂದು ಕಾಗದ ಬರೆದಿಟ್ಟಿದ್ದಾರೆ. ಇನ್ನೂ ಸಹಿ ಹಾಕಿಲ್ಲ. ನಾನು ಅವರ ಮುಂದೆ ನಿಂತು, ಜೀವನದಲ್ಲಿ ಮೊದಲ ಸಲ ದನಿ ಏರಿಸಿ ಮಾತಾಡಿದೆ. ನಮ್ಮ ಗೈಡ್ ಎಂಬ ಭಯವನ್ನೂ ಬಿಟ್ಟು ಮಾತಾಡಿದೆ. ಕೊನೆಗೆ ಅವರು, "ಆತಪಾ, ಜೂನ್ ಮೂವತ್ತರ ತನಕಾ ಈ ಕಾಗದ ನನ್ನ ಡ್ರಾವರದಾಗ ಇರ್ತದ. ಅಷ್ಟರೊಳಗ ಇದೇ ಶೆಡ್ಡಿನ್ಯಾಗ, ಇದೇ ಭಟ್ಟಿಯೊಳಗ, ಹೊರಗಿಂದೇನೂ ಕಲಸದ ಅಂವ ಮಾಡಿದಂಥಾ ನೇರಳೆ ಗಾಜು ಯಾರರೆ ಮಾಡಿ ತೋರಸ್ರಿ. ನಾನ ಸರಸಂಬಾಕ್ಕ ಹೋಗಿ ಅಂವನ ಕೈ ಹಿಡದು ಕರ್ಕೊಂಡು ಬರ್ತೇನಿ. ಇಲ್ಲಂದ್ರ ಅಂವ ಸುಳ್ಳ ಮಾಡ್ಯಾನಂತ ಸಹಿ ಹಾಕ್ತೇನಿ" ಅಂದರು.

ಆ ಕಾಗದಕ್ಕೆ ಸಹಿ ಬಿದ್ದರೆ ಮತ್ತೆ ಯಾವ ಲ್ಯಾಬಿನ ಬಾಗಿಲೂ ನಿನಗೆ ತೆರೆಯುವುದಿಲ್ಲ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. ಅದಕ್ಕೇ ಈಗ ನನಗೆ ಬೇರೆ ಕೆಲಸವಿಲ್ಲ. ನನ್ನ ಸ್ವಂತ ಕೆಲಸ ಮೂಲೆಗಿಟ್ಟು ನಿನ್ನ ಗಾಜು ಮಾಡುತ್ತಿದ್ದೇನೆ.

ಇಲ್ಲಿಯವರೆಗೆ ಒಂಬತ್ತು ಸಲ ಆಯಿತು. ಸೋಡಾ, ಬೋರಿಕ್ ಆಮ್ಲ, ಮರಳಿನ ಹಿಟ್ಟು, ಟೈಟಾನಿಯಂ ಆಕ್ಸೈಡು, ನಾಲ್ಕೂ ನಿನ್ನ ನೋಟುಬುಕ್ಕಿನ ತೂಕದ ಪ್ರಕಾರವೇ. ನಿನ್ನ ಹಾಗೆಯೇ ಎರಡು ತಾಸು ಅರೆದೆ, ಮೂಸೆಗೆ ತುಂಬಿ ಮುಚ್ಚಳ ಹಾಕಿದೆ, ಸಾವಿರದ ಇನ್ನೂರು ಡಿಗ್ರಿಯಲ್ಲಿ ಕರಗಿಸಿ ಹಿತ್ತಾಳೆ ತಗಡಿನ ಮೇಲೆ ಸುರಿದೆ. ಒಂಬತ್ತು ಸಲವೂ ತಿಳಿಹಳದಿ. ನಮ್ಮ ಮಣ್ಣೂರಿನ ಕಡೆಯ ತೆಳು ಮಜ್ಜಿಗೆ ಸಾರಿನ ಬಣ್ಣ. ಬೋರಿಕ್ ಆಮ್ಲದ ಡಬ್ಬಿ ಬದಲಿಸಿದೆ. ನೀನು ಉಪಯೋಗಿಸುತ್ತಿದ್ದ ಹಳೆಯ ಮೂಸೆಗಳನ್ನೇ ತೊಳೆದು ಉಪಯೋಗಿಸಿದೆ. ಒಂದು ದಿನ ನೀನು ಗೂಟಕ್ಕೆ ಬಿಟ್ಟುಹೋದ ಖಾಕಿ ಅಂಗಿಯನ್ನು ಹಾಕಿಕೊಂಡು ಸಹ ಮಾಡಿದೆ. ನಗಬೇಡ. ಅವತ್ತೂ ಹಳದಿಯೇ ಬಂತು.

ಆ ಹೈದರಾಬಾದಿನ ಪರೀಕ್ಷಕರ ಮುಖ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಗಾಳಿಯಾಡುವ ಭಟ್ಟಿಯಲ್ಲಿ ಟೈಟಾನಿಯಂ ತನ್ನ ಆಕ್ಸಿಜನ್ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡದೆ ನೇರಳೆ ಬಣ್ಣ ಬರುವುದಿಲ್ಲ ಎಂದು ಎಲ್ಲರೂ ಓದಿದ್ದೇವೆ. ನಿನ್ನ ಗಾಜಿನಲ್ಲಿ ಬಂದಿತ್ತು. ಒಂದಲ್ಲ, ಏಳು ತುಂಡು. "ಕ್ಯಾ ಮಿಲಾಯೆ ಮಿಯಾ, ಸಚ್ ಬೋಲೊ" ಎಂದು ಅವರು ನಕ್ಕುಕೊಂಡು ಕೇಳಿದಾಗ ನೀನು, "ಏನೂ ಹಾಕಿಲ್ರಿ, ನನ್ನ ಅವ್ವನ ಆಣೆ" ಅಂದೆ. ಹಾಗಾದರೆ ಮತ್ತೆ ಮಾಡಿ ತೋರಿಸು ಎಂದರು. ಬೇರೆ ಯಾರ ಕೈಯೂ ತಗುಲಬಾರದೆಂದು ಮೂರು ದಿನ ಸರ್ ತಾವೇ ಮೂಸೆ ಹೊತ್ತು ತಂದು ಭಟ್ಟಿಗಿಟ್ಟರು. ಮೂರೂ ಹಳದಿ. ಮೂರನೆಯದು ತಣ್ಣಗಾಗುವ ಮೊದಲೇ ನೀನು ಎದ್ದು ಹೋದೆ. ಆಗ ನಿನ್ನ ಹಿಂದೆ ಬರಬೇಕಿತ್ತು ನಾನು. ಸರ್ ಎದುರಿಗಿದ್ದರು, ಕಾಲು ಏಳಲಿಲ್ಲ. ಇದನ್ನು ನಿನಗೆ ಹೇಳದಿದ್ದರೆ ಊಟ ಮೈಗೆ ಹತ್ತುವುದಿಲ್ಲ.

ನಮ್ಮ ಲ್ಯಾಬಿನ ಶೆಡ್ಡು ಹಾಗೆಯೇ ಇದೆ, ಹಳೆಯ ಹತ್ತಿ ಗಿರಣಿಯ ಎಣ್ಣೆ ವಾಸನೆ ಇನ್ನೂ ಹೋಗಿಲ್ಲ. ತಕ್ಕಡಿ ಕೋಣೆಯಿಂದ ಭಟ್ಟಿಗೆ ಹೋಗುವಾಗ ಆ ಅಂಗಳ, ಆ ಹುಣಸೆಮರ. ನಾನೇ ಮೂಸೆ ಹೊತ್ತು ದಾಟುವಾಗೆಲ್ಲ ನಿನ್ನ ಚೇಷ್ಟೆ ಕಿವಿಯಲ್ಲಿ ಕೇಳುತ್ತದೆ: "ನಿನ್ನ ಮೂಸಿ ಮಡಿಯೊಳಗ ಅದ ಏನಲೇ ಗುರ್ಯಾ, ಯಾರೂ ಮುಟ್ಟಬಾರದೇನು?" ನೀನು ನಿನ್ನದನ್ನು ಯಾವಾಗಲೂ ಶೆಡ್ಡು ಗುಡಿಸುವ ಮಲ್ಕಮ್ಮನ ತಲೆಯ ಮೇಲಿನ ತಟ್ಟೆಗಿಟ್ಟು ಕೈ ಬೀಸಿಕೊಂಡು ಹೋಗುತ್ತಿದ್ದೆ. ಅವಳ ಕೊಡದ ನೀರನ್ನೂ ಕುಡಿಯುತ್ತಿದ್ದೆ. ನಾನು, ಇದು ಮಡಿಯಲ್ಲ, ಜಾಗ್ರತೆ ಎಂದು ನಕ್ಕುಬಿಡುತ್ತಿದ್ದೆ.

ಮಲ್ಕಮ್ಮ ದಿನವೂ ನೆಲೋಗಿಯ ಬಸ್ಸಿಳಿದು ಬಂದವಳೇ ಕಸಬರಿಗೆ ಹಿಡಿಯುವ ಮೊದಲು, "ಶರಫು ಸಾಹೇಬ್ರು ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಾಳೆ. ಬರ್ತಾನ ಎನ್ನುತ್ತೇನೆ. ನಿನ್ನ ತಾಯಿ ಮದೀನಾಬಿಯವರಿಗೆ ನನ್ನ ನಮಸ್ಕಾರ ಹೇಳು. ಮಗ ಡಾಕ್ಟರ್ ಆಗಿಯೇ ಬರುತ್ತಾನೆ ಎಂದು ನಾನು ಹೇಳಿದ್ದೇನೆಂದು ಹೇಳು. ಮಣ್ಣೂರಿನಿಂದ ನಮ್ಮವ್ವ ವತ್ಸಲಾಬಾಯಿ ನಿನಗೆ ಆಶೀರ್ವಾದ ತಿಳಿಸಿದ್ದಾಳೆ.

ನಿನ್ನ
ಗುರುರಾಜ

ತಾ.ಕ.: ನಿನ್ನ ಏಳು ತುಂಡುಗಳಲ್ಲಿ ಆರನ್ನು ಸರ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಏಳನೆಯದನ್ನು ನಾನು ಕದ್ದಿದ್ದೇನೆ. ಅರ್ಧ ಮುರಿದು ಆರುನೂರು ಡಿಗ್ರಿಯಲ್ಲಿ ಒಂದು ದಿನ ಕಾಯಿಸಿದೆ. ಪಾರದರ್ಶಕವಾಗಿದ್ದದ್ದು ಕಲ್ಲಿನ ಹಾಗೆ ಬೂದಿ-ನೀಲಿಯಾಯಿತು, ಎಕ್ಸ್-ರೇ ಪಟ್ಟಿಯಲ್ಲಿ ಹರಳಿನ ಗೆರೆಗಳು ಚೊಕ್ಕವಾಗಿ ಬಂದಿವೆ. ಎಷ್ಟು ಒಳ್ಳೆಯ ಗಾಜು-ಪಿಂಗಾಣಿ ಗೊತ್ತೇ! ಇದನ್ನು ಸುಳ್ಳು ಎಂದವರ ಬಾಯಿ ಮುಚ್ಚಿಸದೆ ನಾನು ಬಿಡುವುದಿಲ್ಲ.


ಜೇವರ್ಗಿ
೨೪-೬-೧೯೮೬

ಪ್ರಿಯ ಶರಫು,

ಅಕ್ಷರ ನೋಡಿ ಗಾಬರಿಯಾಗಬೇಡ, ಬರೆದವನು ನಾನೇ. ಈ ತಿಂಗಳ ಹತ್ತರಂದು ಇಕ್ಕಳ ಜಾರಿ, ಕಾದ ಹಿತ್ತಾಳೆ ತಗಡು ಬಲಗೈಯ ಮೇಲೆ ಬಿತ್ತು. ಈಗ ಮಾಯುತ್ತಿದೆ. ಇದೇ ಉತ್ತರ ತಡವಾದದ್ದಕ್ಕೆ ಕಾರಣ. ನಿನ್ನ ಎರಡು ಕಾರ್ಡೂ ಬಂದಿವೆ. ಎರಡರಲ್ಲೂ ಒಂದೇ ಸಾಲು, "ಏನಾತು?" ಎಂದು. ಈ ಪತ್ರವನ್ನು ನಿಧಾನವಾಗಿ ಓದು, ನಡುವೆ ಎದ್ದು ಬಸ್ಸು ಹಿಡಿಯಬೇಡ.

ನೇರಳೆ ಗಾಜು ಬಂತು.

ಹದಿನೇಳನೆಯ ತಾರೀಕು. ಹದಿನಾಲ್ಕನೆಯ ಸಲದ ಪ್ರಯತ್ನ. ಎಡಗೈಯಿಂದಲೇ ಪುಡಿ ತೂಗಿ ಅರೆದೆ. ಆದರೆ ಮೂಸೆಯನ್ನು ಹೊತ್ತು ಅಂಗಳ ದಾಟುವ ಧೈರ್ಯವಾಗಲಿಲ್ಲ. ಮಲ್ಕಮ್ಮನನ್ನು ಕರೆದು ಅವಳ ತಟ್ಟೆಗಿಟ್ಟೆ. ಮೂರು ವರ್ಷದಲ್ಲಿ ನನ್ನ ಮೂಸೆ ಅವಳ ಕೈಗೆ ಹೋದದ್ದು ಅದೇ ಮೊದಲು. ಮಧ್ಯಾಹ್ನ ಸುರಿದೆ. ತಗಡಿನ ಮೇಲೆ ಕೆಂಪಗಿದ್ದದ್ದು ಆರುತ್ತ ಆರುತ್ತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಎಲ್ಲ ನಿನ್ನ ಹಾಗೆಯೇ ಮಾಡಿದ್ದೆ, ಒಂದು ಬಿಟ್ಟು. ಆ ಒಂದು ಏನು ಎಂಬುದು ಹೊಳೆದದ್ದು ಆಗಲೇ.

ಮಲ್ಕಮ್ಮನನ್ನು ಕರೆದೆ. "ಮೂಸಿಯೊಳಗ ಏನರೆ ಹಾಕಿದಿ ಏನು?"

ಅವಳು ಸೆರಗಿನ ತುದಿ ಹಿಡಿದು ನಿಂತಳು. "ಬೈಬ್ಯಾಡ್ರಿ ಸಾಹೇಬ್ರ. ಚೂರು ಇದ್ದಲಿ ಹಾಕೀನ್ರಿ. ಬಿಳಿ ಪುಡಿ, ಬಯಲಾಗ ಒಯ್ಯೋದು, ಹುಣಸಿಗಿಡದ ಕೆಳಗ ಹಾಯಬೇಕು. ಹಾಲು, ಮಸರು, ಬೆಣ್ಣಿ, ಬಿಳೀದು ಬರೇ ಒಯ್ಯಬಾರದಲ್ರಿ, ದಿಟ್ಟಿ ತಾಕ್ತದ. ನಿಮ್ಮ ಕೈ ಬ್ಯಾರೆ ಸುಟ್ಟಿತ್ತು."

"ಶರಫುನ ಮೂಸಿಯೊಳಗ?"

"ಅವರದಕ್ಕ ದಿನಾ ಹಾಕ್ತಿದ್ದೆರಿ. ಹೋದ ವರ್ಷ ಯುಗಾದಿ ಮುಂದ ಅವರವು ಮೂರು ಮೂಸಿ ಒಂದರ ಹಿಂದ ಒಂದು ಒಡದ್ವಲ್ರಿ, ಅವತ್ತಿನಿಂದ. ಚಹಾದ ಒಲಿಯಾಗಿಂದು ಒಂದು ಕಾಳಿನಷ್ಟು ತಗೊಂಡು, ತಿಕ್ಕಿ, ಕಡ್ಡಿಲೆ ಒಳಗ ಒತ್ತಿ ಮುಚ್ಚಳ ಮುಚ್ಚತಿದ್ದೆ. ಅವರಿಗಿ ಹೇಳಿದ್ದಿಲ್ರಿ. ದಿಟ್ಟಿಗಿ ಮಾಡಿದ್ದು ಬಾಯಿ ಬಿಟ್ಟು ಹೇಳಿದ್ರ ಫಲ ಇರಂಗಿಲ್ಲ."

ಇಷ್ಟೇ ಶರಫು. ಒಂದು ಕಾಳಿನಷ್ಟು ಇದ್ದಿಲು. ಮುಚ್ಚಿದ ಮೂಸೆಯಲ್ಲಿ ಉರಿದು ಅದು ಟೈಟಾನಿಯಮ್ಮಿನ ಆಕ್ಸಿಜನ್ ಕಿತ್ತುಕೊಂಡಿತು, ಗಾಜು ನೇರಳೆಯಾಯಿತು. ನಿನಗೆ ತಿಳಿಯದೆಯೇ ಇದೆಲ್ಲ ಆಗುತ್ತಿತ್ತು. ಆ ಮೂರು ದಿನ ಸರ್ ತಾವೇ ಮೂಸೆ ಹೊತ್ತರಲ್ಲ, ಮಲ್ಕಮ್ಮನನ್ನು ಹೊರಗೆ ನೀರು ಚಿಮುಕಿಸಲು ಕಳಿಸಿದ್ದರಲ್ಲ, ಅದಕ್ಕೇ ಹಳದಿ.

ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬಂತೆಂದರೆ ಹೇಳಲಾರೆ. ನಮ್ಮವ್ವ ಮಣ್ಣೂರಿನಿಂದ ಮೊಸರಿನ ಗಡಿಗೆ ಕಳಿಸಿದಾಗಲೆಲ್ಲ ಮೇಲೆ ಒಂದು ಇದ್ದಿಲ ಚೂರು ಇರುತ್ತದೆ. ಬೆರಳಿಂದ ತೆಗೆದೆಸೆದು ಉಣ್ಣುತ್ತೇನೆ. ಹುಟ್ಟಿದಾಗಿನಿಂದ ಕಂಡದ್ದು ತಲೆಗೆ ಹೊಳೆಯಲಿಲ್ಲ. ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ. ನನ್ನ ಗಾಜು ಯಾಕೆ ಎಂದೂ ನೇರಳೆಯಾಗಲಿಲ್ಲ ಎಂದರೆ ನಾನು ಎಂದೂ ಅವಳ ಕೈಗೆ ಮೂಸೆ ಕೊಡಲಿಲ್ಲ. ಅದು ಜಾಗ್ರತೆಯಲ್ಲ. ನೀನು ಚೇಷ್ಟೆಗೆ ಅಂದದ್ದೇ ಖರೆ, ಅದು ಮಡಿಯೇ. ಜನಿವಾರ ಗೂಟಕ್ಕೆ ಹಾಕಿ ವಿಜ್ಞಾನ ಓದಿದೆ ಎಂದುಕೊಂಡಿದ್ದೆ.

ಈಗ ಕಷ್ಟದ ಮಾತು. ಹತ್ತೊಂಬತ್ತರಂದು ತುಂಡು ಹಿಡಿದುಕೊಂಡು ಸರ್ ಕೋಣೆಗೆ ಹೋದೆ. "ಇದ್ದಲಿ ಹಾಕಿದ್ರ ಬರ್ತದ್ರಿ ಸರ್" ಎಂದೆ. ಮುಂದಿನ ಮಾತು ಹೇಳುವ ಮೊದಲೇ ಅವರು ಟೇಬಲ್ಲು ಗುದ್ದಿದರು. "ನಾ ಅಂದಿದ್ದಿಲ್ಲೇನು! ಕದ್ದು ಇದ್ದಲಿ ಹಾಕ್ತಿದ್ದ ಅಂವ. ನೀ ಹಿಡದಿ ನೋಡು, ಭೇಷ್!" ಅಂದರು. ಮುಂದಿನದನ್ನು ನಾನು ಹೇಳಲಿಲ್ಲ. ಯಾಕೆಂದರೆ ಮುಂದೆ ಹೇಳಬೇಕಾದದ್ದು ಮಲ್ಕಮ್ಮನ ಹೆಸರು. ಸರ್ ಸ್ವಭಾವ ನಿನಗೆ ಗೊತ್ತು. ಅಷ್ಟು ತಿಂಗಳ ಸ್ಯಾಂಪಲ್ಲುಗಳನ್ನು ಕೆಡಿಸಿದಳು ಎಂದು ತಿಳಿದರೆ ಅವಳನ್ನು ಅವತ್ತೇ ಹೊರಗೆ ಹಾಕುತ್ತಾರೆ. ನೆಲೋಗಿಯಲ್ಲಿ ಅವಳಿಗೆ ಮೂರು ಮಕ್ಕಳು, ಗಂಡನಿಲ್ಲ. ಈ ಕೆಲಸವೇ ಅವಳ ಮನೆ.

ಅದಕ್ಕೆ ನಿನ್ನನ್ನು ಕೈಮುಗಿದು ಕೇಳುತ್ತೇನೆ. ನೀನು ಇಲ್ಲಿಗೆ ಬರಬೇಡ. ಸರ್‌ಗೆ ಕಾಗದ ಬರೆಯಬೇಡ. ಅವಳ ಹೆಸರನ್ನು ಎಲ್ಲೂ ಎತ್ತಬೇಡ. ನಾನೇ ಸಮಯ ನೋಡಿ, ಅವಳ ಕೆಲಸಕ್ಕೆ ಕುತ್ತು ಬಾರದ ಹಾಗೆ, ಎಲ್ಲ ಹೇಳುತ್ತೇನೆ. ಮೂವತ್ತರೊಳಗೆ ಆಗದಿದ್ದರೂ ಮುಂದೆ ಆಗುತ್ತದೆ. ಒಮ್ಮೆ ಸಹಿ ಹಾಕಿದ್ದನ್ನು ತಿರುಗಿ ತೆಗೆಯಬಾರದೆಂಬ ಕಾನೂನೇನಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತು, ಆದರೆ ನಿನ್ನ ಅಂತಃಕರಣವೂ ಗೊತ್ತು. ನಿನಗಾಗಿ ಇದ್ದಿಲು ಹಾಕಿದ ಹೆಂಗಸಿನ ಅನ್ನ ಕಿತ್ತುಕೊಂಡು ನೀನು ಡಾಕ್ಟರ್ ಆಗುವವನಲ್ಲ.

ಅಲ್ಲಾ, ರಾಯರು, ಇಬ್ಬರೂ ನಿನ್ನನ್ನು ಕಾಯಲಿ.

ನಿನ್ನ
ಗುರುರಾಜ

ತಾ.ಕ.: ಮಲ್ಕಮ್ಮ ಈಗಷ್ಟೇ ಶೆಡ್ಡು ಗುಡಿಸಿ ಹೋದಳು. "ಶರಫು ಸಾಹೇಬ್ರಿಗೆ ನನ್ನ ಸಲಾಂ ಬರೀರಿ" ಅಂದಳು.


ಅಫಜಲಪುರ
೧೭-೧೧-೧೯೯೧

ಪ್ರಿಯ ಶರಫು,

ನಿನ್ನ ಪಾರ್ಸೆಲ್ ಬಂದು ಮೂರು ವಾರವಾಯಿತು. ಮೂರು ವಾರದಲ್ಲಿ ಈ ಪತ್ರವನ್ನು ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ. ಈ ಐದು ವರ್ಷದಲ್ಲಿ ನಾನು ನಿನಗೆ ಬರೆದದ್ದಾದರೂ ಏನು, ಹಬ್ಬಕ್ಕೊಂದು ಕಾರ್ಡು, ಅದರಲ್ಲಿ ನಾಲ್ಕು ಸಾಲು. ನೀನು ಮಾತ್ರ ತಪ್ಪದೆ ಬರೆದೆ. ತಡಕ್ಕೆ ಕ್ಷಮೆ ಕೇಳಲು ಈ ಸಲ ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಫ್ರೇಮು ಬಹಳ ಚೆಂದ ಕಟ್ಟಿದ್ದೀ. ಮೂಲೆಗಳು ಕೂದಲೆಳೆ ಸಂದಿಲ್ಲದೆ ಕೂತಿವೆ. ಗಾಜು ಒಂದಿಷ್ಟೂ ಅಲೆಯಿಲ್ಲದ್ದು, ಆರಿಸಿ ಹಾಕಿದ್ದೀ ಎಂದು ಗೊತ್ತಾಗುತ್ತದೆ. ಆಳಂದದ ಬಜಾರಿನಲ್ಲಿ ನಿಮ್ಮಣ್ಣ ಲಾಡ್ಲೆಸಾಬನ ಅಂಗಡಿಯಲ್ಲಿ ನೀನು ಕಿಟಕಿ ಗಾಜು ಕೊಯ್ಯುತ್ತ, ಮದುವೆ ಫೋಟೋಗಳಿಗೆ ಕಟ್ಟು ಹಾಕುತ್ತ ಕೂತಿದ್ದೀ ಎಂದು ನೆನೆಸಿಕೊಂಡರೆ ತರಗತಿಯಲ್ಲಿ ಗಾಜಿನ ಪಾಠವನ್ನು ಅರ್ಧಕ್ಕೇ ಮುಗಿಸಿಬಿಡುತ್ತೇನೆ. ಗಾಜಿನೊಳಗೆ ಅಣುಗಳು ಹೇಗೆ ಕೂತಿವೆ ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದವನು ನೀನು. "ಇದರಾಗೇನು ಕೆಟ್ಟದ್ದಿಲ್ಲ ಬಿಡು, ಗಾಜೇ ಅಲ್ಲೇನು" ಎಂದು ಬರೆದಿದ್ದೀ. ನೀನು ಹೀಗೆ ಬರೆಯುವುದೇ ನನಗೆ ಹೆಚ್ಚು ನೋವು ಕೊಡುತ್ತದೆ. ಒಮ್ಮೆಯಾದರೂ ಬೈದಿದ್ದರೆ ಹಗುರವಾಗುತ್ತಿತ್ತು.

ಫೋಟೋ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಭಟ್ಟಿ ಮೊದಲ ಸಲ ಸಾವಿರದ ಇನ್ನೂರು ಮುಟ್ಟಿದ ದಿನ. ಸರ್ ನಡುವೆ, ಅತ್ತ ನೀನು, ಇತ್ತ ನಾನು, ಅಂಚಿನಲ್ಲಿ ತಟ್ಟೆ ಹಿಡಿದ ಮಲ್ಕಮ್ಮ. ನನ್ನ ಪ್ರತಿಯನ್ನು ಆಲ್ಬಮ್ಮಿಗೆ ಹಾಕುವಾಗ ಅಳತೆಗೆ ಹೆಚ್ಚಾಯಿತೆಂದು ಆ ಅಂಚನ್ನು ನಾನು ಕತ್ತರಿಸಿದ್ದೆ. ನೀನು ಫ್ರೇಮನ್ನೇ ದೊಡ್ಡದು ಮಾಡಿದ್ದೀ.

"ಡಾ. ಗುರುರಾಜ" ಎಂದು ಪಾರ್ಸೆಲ್ಲಿನ ಮೇಲೆ ಎಷ್ಟು ಅಂದವಾಗಿ ಬರೆದಿದ್ದೀ! ಪದವಿ ಬಂದದ್ದು ಹೋದ ವರ್ಷ. ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ ಸೇರಿ ಹತ್ತು ತಿಂಗಳಾಯಿತು. ಇಲ್ಲಿಂದ ಮಣ್ಣೂರು ಹತ್ತಿರ, ವಾರಕ್ಕೊಮ್ಮೆ ಅವ್ವನನ್ನು ನೋಡಿ ಬರುತ್ತೇನೆ. ಅವಳ ಕಣ್ಣು ಈಗ ಮಂದವಾಗಿದೆ. ಮೊಸರಿನ ಗಡಿಗೆ ಕೊಡುವಾಗ ಇದ್ದಿಲು ಹಾಕಿದೆನೋ ಇಲ್ಲವೋ ಎಂದು ಕೈಯಾಡಿಸಿ ನೋಡುತ್ತಾಳೆ. ನನಗೆ ಮೊಸರು ಸೇರುವುದಿಲ್ಲ ಎಂದು ಹೇಳಿ ಬಿಟ್ಟುಬರುತ್ತೇನೆ.

ನಿನ್ನ ತಾಯಿಯ ವಿಷಯ ನೀನು ಒಂದೇ ಸಾಲಿನಲ್ಲಿ ಬರೆದೆ. ಕೊನೆಯ ತನಕ ನಿನ್ನ ಪರೀಕ್ಷೆ ಮುಗಿಯುವ ದಿನ ಕಾಯುತ್ತ, "ತೇರಾ ಇಮ್ತಿಹಾನ್ ಕಬ್ ಖತಂ ಹೋತಾ ರೇ" ಎಂದು ಕೇಳುತ್ತಿದ್ದರು ಎಂದು. ಡಾಕ್ಟರ್ ಆಗಿಯೇ ಬರುತ್ತಾನೆ ಎಂದು ಅವರಿಗೆ ಹೇಳಿ ಕಳಿಸಿದ್ದವನು ನಾನು. ಆ ತಾಯಿಯ ಮಣ್ಣಿಗೆ ಬರಲಿಲ್ಲ. ಬಂದು ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ.

ನೀನು ನನ್ನ ಪ್ರಬಂಧದ ಪ್ರತಿ ಕೇಳಿದ್ದೀ. "ಓದಿ ಭಾಳ ದಿನಾ ಆತು, ನಿನ್ನ ಗಾಜಿನ ಕತಿ ಓದಬೇಕು" ಎಂದಿದ್ದೀ. ಕಳಿಸುತ್ತಿದ್ದೇನೆ. ಆದರೆ ತೆರೆಯುವ ಮೊದಲು ಇದನ್ನು ನನ್ನ ಬಾಯಿಂದಲೇ ಕೇಳು. ಅದರ ನಾಲ್ಕನೆಯ ಅಧ್ಯಾಯ ನೇರಳೆ ಗಾಜು. ಇದ್ದಿಲಿನ ಪ್ರಮಾಣ ಹೆಚ್ಚಿದಂತೆ ಬಣ್ಣ ಹೇಗೆ ಗಾಢವಾಗುತ್ತದೆ, ಸಾಂದ್ರತೆ ಹೇಗೆ ಬದಲಾಗುತ್ತದೆ, ಕಾಯಿಸಿದಾಗ ಯಾವ ಹರಳು ಮೊದಲು ಏಳುತ್ತದೆ, ಎಲ್ಲ ಇದೆ. ಐದನೆಯದು ಅದರ ಗಾಜು-ಪಿಂಗಾಣಿ. ಪರೀಕ್ಷಕರು ಬಹಳ ಮೆಚ್ಚಿದ ಅಧ್ಯಾಯಗಳು ಇವೇ. ಇದ್ದಿಲು ಹಾಕಿ ನೋಡುವ ಯೋಚನೆ ಹೇಗೆ ಬಂತು ಎಂದು ಕೇಳಿದರು. ತಾನಾಗಿ ಹೊಳೆಯಿತು ಎಂದೆ.

ಪ್ರಬಂಧದ ಮೊದಲ ಪುಟದಲ್ಲಿ ಉಪಕಾರ ಸ್ಮರಣೆ ಇದೆ. ಸರ್, ಅವ್ವ, ಹೈದರಾಬಾದಿನಲ್ಲಿ ಎಕ್ಸ್-ರೇ ತೆಗೆದುಕೊಟ್ಟವರು, ಬೆರಳಚ್ಚು ಮಾಡಿದ ಹುಸೇನಪೀರ, ಎಲ್ಲರ ಹೆಸರಿದೆ. ನಿನ್ನದಿಲ್ಲ. ನಿನ್ನ ಹೆಸರು ಬರೆದರೆ ಸರ್ ಸಹಿ ಹಾಕುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರನ್ನು ಕೇಳಿ ನೋಡಲೂ ಇಲ್ಲ.

ಸಮಯ ನೋಡಿ ಹೇಳುತ್ತೇನೆ ಎಂದು ಬರೆದಿದ್ದೆನಲ್ಲ. ಮೊದಲು ನನ್ನ ಸೆಮಿನಾರು ಮುಗಿಯಲಿ ಎಂದುಕೊಂಡೆ, ಆಮೇಲೆ ಪ್ರಬಂಧ ಕೊಡುವುದು, ಆಮೇಲೆ ಮೌಖಿಕ ಪರೀಕ್ಷೆ, ಆಮೇಲೆ ಈ ನೌಕರಿ. ಪ್ರತಿಸಲ ಒಂದು ಮೆಟ್ಟಿಲು ಮೇಲೆ ಹತ್ತಿದೆ, ಪ್ರತಿಸಲ ಬೀಳುವ ಭಯ ಇನ್ನಷ್ಟು ಹೆಚ್ಚಾಯಿತು. ಹೋದ ಏಪ್ರಿಲ್‌ನಲ್ಲಿ ಸರ್ ತೀರಿಕೊಂಡರು. ಶೆಡ್ಡಿಗೆ ಬೀಗ ಬಿದ್ದಿದೆ. ಹೇಳಬೇಕಾದವರೇ ಇಲ್ಲ. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಸದ್ಯ ಪಾರಾದೆ ಎಂಬ ಉಸಿರು. ಇಂಥವನು ನಿನ್ನ ಗೆಳೆಯ.

ನೀನು ಮತ್ತು ಮುಮತಾಜ ಇಬ್ಬರೂ ಚೆನ್ನಾಗಿರಿ. ಮಗಳಿಗೆ ನಾಲ್ಕು ತುಂಬಿತು ಎಂದು ಬರೆದಿದ್ದೀ, ಅವಳನ್ನು ಓದಿಸು, ಬೇಕಾದಷ್ಟು ಓದಿಸು. ಅವಳ ತಲೆಯ ಮೇಲೆ ಕೈಯಿಡುವ ಯೋಗ್ಯತೆ ನನಗಿದ್ದರೆ ನನ್ನ ಆಶೀರ್ವಾದ. ಗಾಜು ಕೊಯ್ಯುವಾಗ ಬೆರಳು ಜೋಪಾನ.

ಗುರುರಾಜ

ತಾ.ಕ.: ನಿನ್ನ ಕಾರ್ಡಿನ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರೆಯದೆ ಮುಗಿಸಿದ್ದೆ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ.

"ಮಲ್ಕಮ್ಮ ಹ್ಯಾಂಗಿದ್ದಾಳ? ಇನ್ನೂ ಅದೇ ಕೆಲಸದಾಗ ಅದಾಳೇನು? ನನ್ನ ಸಲಾಂ ಹೇಳು. ನನ್ನ ಡಿಗ್ರಿ ಹೋತು ಖರೆ, ಆಕಿ ಒಲಿ ಉಳೀತಲ್ಲ ಅಂತ ನನಗ ಸಮಾಧಾನ ಅದ" ಎಂದು ಬರೆದಿದ್ದೀ.

ಐದು ವರ್ಷದ ಹಿಂದೆ ಆ ಜೂನ್ ಹದಿನೇಳರಂದು ಅವಳು ಇದ್ದಿಲಿನ ಮಾತು ಹೇಳಿದಾಗ, ಇದರಿಂದಲೇ ಶರಫು ಹೋದ ಎಂದು ನಾನು ಅವಳಿಗೆ ಹೇಳಿದ್ದೆ. ಅವಳು ಅಲ್ಲೇ ಕೂತು ಅತ್ತಳು. ಎದ್ದು, "ಹಂಗಾರ ನಾ ಹೋಗಿ ದೊಡ್ಡ ಸಾಹೇಬ್ರಿಗಿ ಹೇಳ್ತೇನ್ರಿ" ಅಂದಳು. ಕೆಲಸ ಹೋಗ್ತದ ಎಂದೆ. "ಹೋಗಲಿರಿ" ಅಂದಳು. ಇದನ್ನು ಅವತ್ತು ನಿನಗೆ ಬರೆಯಲಿಲ್ಲ. ನಾಲ್ಕು ದಿನ ತಡಿ, ನಾನೇ ಹೇಳ್ತೇನಿ ಎಂದು ಅವಳನ್ನು ನಿಲ್ಲಿಸಿದೆ. ಅಷ್ಟರಲ್ಲಿ ಸರ್ ನನಗೆ, "ಈ ನೇರಳೆ ಗಾಜು ನಿನ್ನ ಪ್ರಬಂಧಕ್ಕ ಹಾಕ್ಕೋಪಾ" ಅಂದಿದ್ದರು.

ಇಪ್ಪತ್ನಾಲ್ಕರಂದು ಬೆಳಿಗ್ಗೆ ಅವಳು ನನ್ನನ್ನು ಕೇಳದೆ ತಾನೇ ಸರ್ ಕೋಣೆಗೆ ಹೋದಳು. ಸೆರಗಿನ ಗಂಟು ಬಿಚ್ಚಿ ಇದ್ದಿಲ ಚೂರನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಸರ್ ನನ್ನನ್ನು ಕರೆಸಿದರು. "ನಾನ ಹಾಕೀನ್ರಿ, ಶರಫು ಸಾಹೇಬ್ರಿಗಿ ಗೊತ್ತ ಇಲ್ರಿ. ಇವರ ಮುಂದ ಎಲ್ಲಾ ಹೇಳೀನಿ, ಕೇಳ್ರಿ ಇವರಿಗಿ" ಎಂದು ನನ್ನ ಕಡೆ ತೋರಿಸಿದಳು. ಸರ್, "ಏನಪಾ ಗುರುರಾಜ, ಆಕಿ ಅಂಬೋದು ಖರೆ ಏನು?" ಅಂದರು.

ನಾನು ಅಂದೆ: "ನನಗ ಗೊತ್ತಿಲ್ರಿ ಸರ್. ಶರಫು ಹೇಳಿಕೊಟ್ಟು ಕಳಿಸಿರಬಹುದು."

ಅವಳು ನನ್ನ ಮುಖ ನೋಡಿ, "ಹೌದೇನ್ರಿ?" ಎಂದಳು. ಅಷ್ಟೇ ಅಂದದ್ದು. ಸರ್ ಅವಳನ್ನು ಆಗಲೇ ಹೋಗು ಅಂದರು. ತೊಟ್ಟಿಯ ಹತ್ತಿರ ಅಂಗೈ ತೊಳೆದುಕೊಂಡು, ತಟ್ಟೆಯನ್ನು ಗೋಡೆಗೆ ಒರಗಿಸಿ ಹೋದಳು. ಅವಳ ಅನ್ನಕ್ಕಾಗಿ ಸುಮ್ಮನಿರು ಎಂದು ನಿನಗೆ ಆ ಪತ್ರ ಬರೆದದ್ದು ಅದೇ ದಿನ ಮಧ್ಯಾಹ್ನ. ಶೆಡ್ಡು ಗುಡಿಸಿದವನು ನಾನು. ಅವಳು ನಿನಗೆ ಸಲಾಂ ಹೇಳಿರಲಿಲ್ಲ.

ಹೋದ ತಿಂಗಳು ನಿನ್ನ ಕಾರ್ಡು ಓದಿ ನೆಲೋಗಿಗೆ ಹೋಗಿದ್ದೆ. ಅವಳ ಮನೆಯ ಬಾಗಿಲು ಕಿತ್ತುಹೋಗಿದೆ. ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದಳಂತೆ, ಐದು ವರ್ಷವಾಯಿತಂತೆ, ಎಲ್ಲಿದ್ದಾಳೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಸಲಾಂ ನನ್ನ ಹತ್ತಿರವೇ ಉಳಿದಿದೆ, ಶರಫು.